ಅಪ್ಪ ಕುಡಿದ ಅರ್ಧ ಪೈಂಟ್

ಸೊನ್ನೆಗೂ ಒಂದು ಮರ್ಯಾದೆ ಇದೆ ಎಂಬುದು ಬೆಥನಿಗೆ ಹೊಳೆದದ್ದು ಶನಿವಾರ ಬೆಳಗ್ಗೆ, ಒಂದು ಕೈಯಲ್ಲಿ ಹಲ್ಲುಜ್ಜುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬ್ಯಾಂಕಿನ ಖಾತೆ ನೋಡುತ್ತಿದ್ದಾಗ. ಖಾತೆಯಲ್ಲಿ ಸೊನ್ನೆ ಇರುವವರು ಬರೀ ಬಡವರು. ತಲೆ ಎತ್ತಿ ಓಡಾಡಬಹುದು. ಅವಳು ಆ ಸೊನ್ನೆಯನ್ನು ದಾಟಿ ಕೆಳಗಿಳಿದು, ವಿದ್ಯಾರ್ಥಿಗಳಿಗೆಂದು ಬ್ಯಾಂಕಿನವರು ಬಡ್ಡಿಯಿಲ್ಲದೆ ಸಾಲವಾಗಿ ಕೊಟ್ಟ ಓವರ್‌ಡ್ರಾಫ್ಟಿನಲ್ಲಿ ಒಂದೂವರೆ ವರ್ಷ ಹಾಯಾಗಿ ಸಂಸಾರ ಮಾಡಿ, ಈಗ ಅದರ ಮಿತಿಯನ್ನೂ ಮೀರಿದ್ದಳು. ಮೀರಿದ್ದು ಅವಳೂ ಅಲ್ಲ, ಫೋನಿನ ಬಿಲ್ಲು. ಅವಳು ಮಲಗಿದ್ದಾಗ ಅದು ತಾನಾಗಿ ಬಂದು ತನ್ನ ಪಾಲು ಕಿತ್ತುಕೊಂಡು ಹೋಗಿತ್ತು. ಅಂಕೆ ಕೆಂಪಾಗಿತ್ತು. ಅದರ ಕೆಳಗೇ ಜಾಹೀರಾತಿನ ಹುಡುಗಿಯೊಬ್ಬಳು ಹಲ್ಲು ಕಿರಿಯುತ್ತ, ಉಳಿತಾಯ ಶುರುಮಾಡಲು ಇವತ್ತೇ ಒಳ್ಳೆಯ ದಿನ ಎನ್ನುತ್ತಿದ್ದಳು. ನಿನ್ನ ತಲೆ, ಎಂದು ಬೆಥನಿ ಬಾಯಿತುಂಬ ನೊರೆ ಇಟ್ಟುಕೊಂಡೇ ಅವಳಿಗೆ ಹೇಳಿದಳು. ಮೊದಲ ವರ್ಷ ಎಟಿಎಂ ಯಂತ್ರಕ್ಕೆ ಕಾರ್ಡು ತೂರಿಸಿದರೆ, ನಿಮ್ಮ ಬಳಿ ಇಷ್ಟಿದೆ ಎಂದು ಅದು ಓವರ್‌ಡ್ರಾಫ್ಟನ್ನೂ ಸೇರಿಸಿಯೇ ತೋರಿಸುತ್ತಿತ್ತು. ನಿಮ್ಮ ಬಳಿ! ಅಷ್ಟು ಸಭ್ಯವಾದ ಸುಳ್ಳನ್ನು ಅದುವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ನಂಬಿದಳು. ಆ ಸಂಜೆಯೇ ಹಸಿರು ಬೂಟು ಕೊಂಡಳು.

ಇವತ್ತು ಅಪ್ಪ ಬರುವವನಿದ್ದ. ಇನ್ನಾವ ದಿನವಾದರೂ ಆಗಬಹುದಿತ್ತು. ಕಳೆದ ಭಾನುವಾರ ತಮ್ಮೂರು ಹಲ್‌ನಿಂದ ಫೋನು ಮಾಡಿ, “ದುಡ್ಡುಕಾಸಿಗೆ ಹೇಗೇ?” ಎಂದು ಅವನು ಕೇಳಿದಾಗ, “ಅಯ್ಯೋ ಬಿಡಪ್ಪ, ಬೇಕಾದಷ್ಟಿದೆ. ನೀನೇ ಒಂದ್ಸಲ ಬಾ ಶೆಫೀಲ್ಡಿಗೆ, ಊಟ ನಾನು ಕೊಡಿಸ್ತೀನಿ” ಎಂದುಬಿಟ್ಟಿದ್ದಳು. ಬಾ ಎಂದರೆ ಬಂದೇಬಿಡುತ್ತಾನೆ ಎಂದು ಯಾರಿಗೆ ಗೊತ್ತು? ಅವಳ ಸಾಮಾನು ಇಳಿಸಲು ಒಮ್ಮೆ ವ್ಯಾನಿನಲ್ಲಿ ಬಂದಿದ್ದವನು ಕೋಣೆಯ ಕಿಟಕಿಯನ್ನು ಎರಡು ಸಲ ಬಡಿದು ನೋಡಿ, “ಯಾವ ಕತ್ತೆ ಕೂರಿಸಿದ್ದು ಇದನ್ನ?” ಎಂದು ಬೈದು ಹೊರಟುಹೋಗಿದ್ದ. ಮನೆಮನೆಗೆ ಕಿಟಕಿ ಕೂರಿಸುವುದು ಅವನ ಕೆಲಸ. ಅವಳ ಮನೆಯಲ್ಲಿ ಯಾರನ್ನು ಹೇಗಿದ್ದೀರಿ ಎಂದು ಕೇಳಿದರೂ, ದೂರೋವಂಥದ್ದೇನಿಲ್ಲ ಎಂಬ ಒಂದೇ ಉತ್ತರ. ಏಣಿಯಿಂದ ಬಿದ್ದು ಕಾಲು ಮುರಿದು ಅಂಗಳದಲ್ಲಿ ಬಿದ್ದಿದ್ದಾಗ ಆಂಬುಲೆನ್ಸಿನವರಿಗೂ ಅಪ್ಪ ಅದನ್ನೇ ಹೇಳಿದ್ದ. ಮೂಳೆ ಪ್ಯಾಂಟಿನಿಂದ ಹೊರಗೆ ಕಾಣುತ್ತಿತ್ತು. ಅಂಥವನು ತನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಮಗಳು ಯೂನಿವರ್ಸಿಟಿಯಲ್ಲಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಾನಂತೆ, ಅಮ್ಮ ಹೇಳಿದ್ದಳು. ಅವನ ಬದುಕಿನಲ್ಲಿ ಸೊಟ್ಟಗಾಗದೆ ನಿಂತ ಒಂದೇ ಕಿಟಕಿ ತಾನು ಎಂದು ಬೆಥನಿಗೆ ಗೊತ್ತಿತ್ತು. ಸಂಜೆ ಅವನು ಬಸ್ಸು ಹತ್ತುವವರೆಗೆ ಅವನಿಗೆ ತಿಳಿಯಬಾರದು. ಅಷ್ಟು ಸಾಕಿತ್ತು ಅವಳಿಗೆ.

ಅಡುಗೆಮನೆಯಲ್ಲಿ ಅವಳ ಜೊತೆ ಮನೆ ಹಂಚಿಕೊಂಡಿದ್ದ ಇಮೊಜೆನ್, ಅರ್ಧ ತಿಂದ ಅವಕಾಡೊವನ್ನು ಕಸಕ್ಕೆ ಎಸೆಯುತ್ತ, “ನಾನಂತೂ ಪೂರ್ತಿ ಪಾಪರ್ ಕಣೇ ಈ ತಿಂಗಳು” ಎಂದಳು. ಇಮೊಜೆನ್‌ಳ ಭಾಷೆಯಲ್ಲಿ ಪಾಪರ್ ಎಂದರೆ ಅಪ್ಪನಿಗೆ ಫೋನು ಮಾಡಬೇಕಲ್ಲ, ಬೇಜಾರು ಎಂದರ್ಥ. ಮೊದಮೊದಲು ಬೆಥನಿ ಅದನ್ನು ನಿಜವೆಂದೇ ತಿಳಿದು, ಸಂಜೆ ಅಂಗಡಿಯಲ್ಲಿ ಹಳದಿ ಚೀಟಿ ಅಂಟಿಸಿ ಅರ್ಧಬೆಲೆಗೆ ಬಿಡುವ ಹಳಸಲು ಬ್ರೆಡ್ಡಿನ ಮುಂದೆ ಮುದುಕಿಯರ ಜೊತೆ ಮೊಣಕೈ ತಿಕ್ಕಾಡಿ ತಂದದ್ದರಲ್ಲಿ ಅವಳಿಗೂ ಪಾಲು ಕೊಟ್ಟಿದ್ದಳು. ಇಮೊಜೆನ್ ಅದನ್ನು ಬಾತುಕೋಳಿಗಳಿಗೆ ಹಾಕಿ ಬಂದಿದ್ದಳು. ಕಾಫಿ ಅಂಗಡಿಯ ಕೆಲಸದಲ್ಲಿ ಪಾಳಿ ಕಡಿಮೆಯಾದ ಮೇಲೆ ಬೆಥನಿ ಬದುಕಿದ್ದು ಮುಕ್ಕಾಲು ಪಾಲು ದೇವರ ದಯೆಯಿಂದ, ಅಕ್ಷರಶಃ. ಕ್ರೈಸ್ತ ವಿದ್ಯಾರ್ಥಿಗಳ ಸಂಘದವರು ಗುರುವಾರ ಸಂಜೆ, ದೇವರ ಬಗ್ಗೆ ಒಂದು ಪ್ರಶ್ನೆ ಫೋನಿನಲ್ಲಿ ಕಳಿಸಿದರೆ ಬಿಸಿ ಚೀಸ್ ಸ್ಯಾಂಡ್‌ವಿಚ್ಚನ್ನೂ ಉತ್ತರವನ್ನೂ ಒಟ್ಟಿಗೆ ಮನೆಬಾಗಿಲಿಗೆ ತಂದುಕೊಡುತ್ತಿದ್ದರು. ದೇವರಿದ್ದಾನೆಯೇ ಎಂದು ಕೇಳಿದರೆ ಸಾದಾ ಸ್ಯಾಂಡ್‌ವಿಚ್ಚಿಗೆ ಆಗುವಷ್ಟೇ ಮಾತು. ಆದರೆ ದೇವರು ಒಳ್ಳೆಯವನಾದರೆ ಕ್ಯಾನ್ಸರ್ ಯಾಕೆ ಎಂದು ಕೇಳಿದ ವಾರ, ಆ ಇಬ್ಬರು ಹುಡುಗರು ಮಳೆಕೋಟಿನಲ್ಲಿ ಬಾಗಿಲಲ್ಲೇ ನಿಂತು ಕಣ್ಣು ಒದ್ದೆ ಮಾಡಿಕೊಂಡು, ಹ್ಯಾಮ್ ಹಾಕಿದ್ದು ಎರಡು ಕೊಟ್ಟು, ನಿಮ್ಮ ಮನೆಯಲ್ಲಿ ಯಾರಿಗೆ ಎಂದು ಮೆಲ್ಲಗೆ ಕೇಳಿದ್ದರು. ಅವಳು ತಲೆ ತಗ್ಗಿಸಿದ್ದಳು. ಅವರು ಅದನ್ನು ದುಃಖ ಎಂದುಕೊಂಡರು, ಅವಳಿಗೆ ನಿಜಕ್ಕೂ ನಗು ಬಂದಿತ್ತು.

ಜೀನ್ಸಿನ ಜೇಬಿನಲ್ಲಿ ಒಂದು ಇಪ್ಪತ್ತು ಪೌಂಡಿನ ನೋಟಿತ್ತು. ಯೂನಿವರ್ಸಿಟಿಯ ಮನಶ್ಶಾಸ್ತ್ರ ವಿಭಾಗದವರು ಪ್ರಯೋಗಕ್ಕೆಂದು ಅವಳನ್ನು ಒಂದು ಕೊಳವೆಯೊಳಗೆ ಮಲಗಿಸಿ, ಏನನ್ನೂ ಯೋಚಿಸಬೇಡಿ ಎಂದು ಹೇಳಿ ಮಿದುಳಿನ ಚಿತ್ರ ತೆಗೆದುಕೊಂಡದ್ದಕ್ಕೆ ಕೊಟ್ಟದ್ದು. ಅವಳು ಪೂರ್ತಿ ಹೊತ್ತು ಆ ನೋಟನ್ನೇ ಯೋಚಿಸುತ್ತಿದ್ದಳು. ವಿಜ್ಞಾನ ಎಕ್ಕುಟ್ಟಿ ಹೋಗಲಿ. ಆ ನೋಟಿನಲ್ಲಿ ಇಬ್ಬರಿಗೆ ಊಟ ಆಗುವ ಜಾಗ ಎರಡಿದ್ದವು. ಎರಡರಲ್ಲೂ ಅವಳು ಬಾಗಿಲಲ್ಲಿ ಬರೆದದ್ದನ್ನು ಓದಿಕೊಂಡು ಬಂದಿದ್ದಳು.

ಅಪ್ಪ ಬಸ್ಸಿನಿಂದ ಇಳಿದಾಗ ಅವಳಿಗೆ ಮೊದಲು ಕಂಡದ್ದು ಆ ಕಪ್ಪು ಕೋಟು. ಸಾವಿನ ಮನೆಗೆ ಹೋಗುವಾಗ ಹಾಕಿಕೊಳ್ಳುವ ಕೋಟು. ಭುಜದ ಹತ್ತಿರ ಬಿಗಿಯಾಗಿ, ತೋಳುಗಳು ಸ್ವಲ್ಪ ಗಿಡ್ಡವಾಗಿ, ಅದರೊಳಗೆ ಅಪ್ಪ ಯಾರದೋ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ನಿಂತಿದ್ದ. ಕೈಯಲ್ಲೊಂದು ಚೀಲ. ತಬ್ಬಿಕೊಳ್ಳುವುದೋ ಬೇಡವೋ ಎಂದು ಇಬ್ಬರೂ ಹಿಂದೆಮುಂದೆ ಆಡಿ, ಕೊನೆಗೆ ಅವಳ ಮೂಗು ಅವನ ಗುಂಡಿಗೆ ತಾಗಿತು.

“ವ್ಯಾನೆಲ್ಲಪ್ಪ?”

“ಅದು ರೆಸ್ಟ್ ತಗೋತಿದೆ” ಎಂದು ಅಪ್ಪ ಜೋರಾಗಿ ನಕ್ಕ. ಅಷ್ಟು ನಗುವ ಮಾತೇನೂ ಅದಲ್ಲ. “ಹೇಗಿದೀಯೇ ಪುಟ್ಟಿ?”

“ದೂರೋವಂಥದ್ದೇನಿಲ್ಲ. ನೀನು?”

“ನನಗೇನು, ಗುಂಡುಕಲ್ಲು.”

ದಿಣ್ಣೆ ಹತ್ತುತ್ತ ಊರ ನಡುವೆ ಬಂದರು. ಅಪ್ಪ ಏದುಸಿರು ಬಿಡುತ್ತಿದ್ದ. ಹಲ್‌ನಲ್ಲಿ ದಿಣ್ಣೆ ಎಂಬುದೇ ಇಲ್ಲ. ಅಲ್ಲಿ ಏರುವುದೇನಿದ್ದರೂ ಏಣಿ. ಊಟಕ್ಕೆ ಇಂಥ ಕಡೆ ಹೋಗೋಣ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಚೀಲ ಎತ್ತಿ ತೋರಿಸಿದ. ಅಮ್ಮ ಆಲೂಗಡ್ಡೆಯ ಪ್ಯಾಟಿ ಕರಿದು ಬನ್ನಿನೊಳಗಿಟ್ಟು ಕೊಟ್ಟಿದ್ದಳಂತೆ. “ಹೋಟ್ಲಲ್ಲಿ ಯಾಕೆ ಸುಮ್ನೆ? ನಿನಗಿಷ್ಟ ಅಂತ ಬೆಳಗ್ಗೆ ಎದ್ದು ಮಾಡಿದಾಳೆ ಅವಳು.” ಬೆಥನಿಗೆ ಎಷ್ಟು ಹಾಯೆನಿಸಿತೆಂದರೆ, ಆ ಹಾಯೆನಿಸಿದ್ದಕ್ಕೇ ನಾಚಿಕೆಯಾಯಿತು. “ಛೇ, ನಾನು ಕೊಡಿಸ್ತೀನಿ ಅಂದಿರ್ಲಿಲ್ವಾ? ನನ್ನ ಹತ್ರ ದುಡ್ಡು ಕೊಳೀತಾ ಬಿದ್ದಿದೆ” ಎಂದು ಬೇಕೆಂದೇ ಗೊಣಗಿದಳು. ಕೊಳೀತಾ ಎಂಬ ಮಾತು ಎಲ್ಲಿಂದ ಬಂತೋ. ಒಳಗೆ ತಾಳೆಮರಗಳನ್ನು ಬೆಳೆಸಿ ಎಲ್ಲರಿಗೂ ತೆರೆದಿಟ್ಟ ಊರಿನ ದೊಡ್ಡ ಗಾಜಿನ ಮನೆಯಲ್ಲಿ ಬೆಂಚಿನ ಮೇಲೆ ಕೂತು ತಿಂದರು. ಅಪ್ಪ ತಿನ್ನುವುದನ್ನು ಬಿಟ್ಟು ಕತ್ತು ಮೇಲೆತ್ತಿ, “ಎಷ್ಟು ಗಾಜಪ್ಪಾ ಇದು! ಯಾರು ಒರೆಸ್ತಾರೆ ಇದನ್ನ?” ಎಂದು ಎರಡು ಸಲ ಕೇಳಿದ. ಆಮೇಲೆ, ಮೇಲೆ ನೋಡುತ್ತಲೇ, “ಆ ಲೋನು ಅಂತಾರಲ್ಲ, ಓದೋರಿಗೆ ಸರ್ಕಾರ ಕೊಡೋದು, ಅದು ಒಟ್ಟಿಗೇ ಬಂದುಬಿಡುತ್ತಾ?” ಎಂದ.

ಬೆಥನಿ ಬನ್ನನ್ನು ಕಾಗದದ ಮೇಲಿಟ್ಟಳು. ಅಂದರೆ ಗೊತ್ತಾಗಿದೆ. ಯಾರು ಹೇಳಿದರು? ಬ್ಯಾಂಕಿನವರು ಮನೆಗೇ ಬರೆದರೋ? ವಿಳಾಸ ಬದಲಿಸಿದ್ದೆನೋ ಇಲ್ಲವೋ? ಹತ್ತು ವರ್ಷದವಳಿದ್ದಾಗ ಅಮ್ಮನ ಪರ್ಸಿನಿಂದ ಚಿಲ್ಲರೆ ಕದ್ದು ಮಿಠಾಯಿ ತಿಂದಿದ್ದಳು. ಆಗಲೂ ಅಪ್ಪ ಹೀಗೇ, ನೇರ ಕೇಳದೆ, ಗೋಡೆ ನೋಡುತ್ತ, ಮಿಠಾಯಿ ಅಂಗಡಿ ಇವತ್ತು ತೆರೆದಿತ್ತಾ ಎಂದು ಕೇಳಿದ್ದ. ಅವಳು ಆಗ ಅತ್ತು ಒಪ್ಪಿಕೊಂಡಿದ್ದಳು. ಈಗ ಇಪ್ಪತ್ತು ವಯಸ್ಸು, ಬುದ್ಧಿ ಬೆಳೆದಿದೆ, ಅದಕ್ಕೇ ಇನ್ನೂ ದೊಡ್ಡ ಸುಳ್ಳು ಹೇಳಿದಳು. “ಮೂರು ಕಂತಲ್ಲಿ ಬರುತ್ತಪ್ಪ. ನಾನು ಹೋದ ಕಂತನ್ನೇ ಇನ್ನೂ ಮುಟ್ಟಿಲ್ಲ ಗೊತ್ತಾ? ಹಾಗೇ ಇದೆ.” “ಹೌದಾ!” ಎಂದ ಅಪ್ಪ. ಅವನ ಮುಖ ಅರಳಿತು. ನಂಬಿದ, ಎಂದುಕೊಂಡಳು ಅವಳು. ಇಂಥ ಸರಳ ಮನುಷ್ಯನಿಗೆ ಸುಳ್ಳು ಹೇಳುವುದೆಷ್ಟು ಸುಲಭ ಎಂದು ಹೆಮ್ಮೆಯಾಯಿತು. “ನೀನು ಜಾಣೆ ಕಣೇ” ಎಂದು ಅವನು ತನ್ನ ಪ್ಯಾಟಿಯ ಅರ್ಧವನ್ನು ಅವಳ ಕಾಗದಕ್ಕೆ ಹಾಕಿದ.

ಪಬ್ಬಿಗೆ ಹೋಗೋಣ ಎಂದದ್ದು ಅವಳೇ. ಊಟ ಕೊಡಿಸದವಳು ಒಂದು ಪೈಂಟ್ ಬಿಯರಾದರೂ ಕೊಡಿಸದಿದ್ದರೆ ಏನು ಚೆಂದ? ಬೀದಿ ತಿರುವಿನಲ್ಲಿ ಸಿಕ್ಕಿದ ಮೊದಲ ಪಬ್ಬಿಗೆ ನುಗ್ಗಿದರು. ಕೂರುವ ಮೊದಲೇ ಅಪ್ಪ, “ಮೊದಲ ಸುತ್ತು ನಂದು” ಎಂದು ಕೈ ಅಡ್ಡ ಹಿಡಿದ. ಇದರಲ್ಲಿ ವಾದವಿಲ್ಲ. ಅವಳ ಮನೆತನದಲ್ಲಿ ಚರ್ಚಿಗೆ ಹೋಗದವರಿದ್ದರು, ತೆರಿಗೆ ಕಟ್ಟದವರಿದ್ದರು, ಎರಡೆರಡು ಸಂಸಾರ ನಡೆಸಿದವನೊಬ್ಬನಿದ್ದ, ಅವರನ್ನೆಲ್ಲ ಕ್ಷಮಿಸಲಾಗಿತ್ತು. ಕ್ಷಮೆ ಸಿಗದವನು ಟೆರ್ರಿ ಮಾಮ ಒಬ್ಬನೇ. ಎಲ್ಲರೂ ಸರದಿ ಪ್ರಕಾರ ಎಲ್ಲರಿಗೂ ಬಿಯರ್ ಕೊಡಿಸಿದ ಮೇಲೆ, ತನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಮೂತ್ರಕ್ಕೆ ಅವಸರವಾಗುತ್ತಿತ್ತು. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗ ಅಪ್ಪ, ಇದೇ ಕೋಟಿನಲ್ಲಿ, “ಇವತ್ತೂ ನಮ್ಮ ತಲೆ ಮೇಲೇ ಬಂದ ನೋಡು” ಎಂದು ಪಿಸುಗುಟ್ಟಿದ್ದ. ಮುಂದೆ ಹೊರುತ್ತಿದ್ದವರ ಭುಜಗಳು ನಗುವಿಗೆ ಕುಲುಕಿ ಪೆಟ್ಟಿಗೆ ವಾಲಿತ್ತು. ಆದ್ದರಿಂದ ಬೆಥನಿ ಸುಮ್ಮನೆ ಕಿಟಕಿಯ ಪಕ್ಕ ಕೂತಳು. ಜೇಬಿನಲ್ಲಿ ನೋಟು ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

ಅಪ್ಪ ಎರಡು ಗ್ಲಾಸು ಹಿಡಿದು ಬಂದ. ಒಂದು ದೊಡ್ಡದು. ಅದನ್ನು ಅವಳ ಮುಂದಿಟ್ಟ. ಇನ್ನೊಂದು ಚಿಕ್ಕದು, ಅರ್ಧ ಪೈಂಟಿನದು. ಅದನ್ನು ತನ್ನ ಮುಂದೆ ಇಟ್ಟುಕೊಂಡ.

ಅವಳು ಆ ಗ್ಲಾಸನ್ನೇ ನೋಡಿದಳು. ಅಪ್ಪನ ದಪ್ಪ ಬೆರಳುಗಳ ನಡುವೆ ಅದು ಕಾಣುತ್ತಲೂ ಇರಲಿಲ್ಲ. ಅವಳು ಹುಟ್ಟಿದಂದಿನಿಂದ ಅಪ್ಪ ಅರ್ಧ ಕುಡಿದದ್ದನ್ನು ಯಾರೂ ಕಂಡವರಿಲ್ಲ. ಕಾಲು ಮುರಿದು ಪ್ಲಾಸ್ಟರಿನಲ್ಲಿದ್ದಾಗಲೂ ಪೂರ್ತಿಯೇ, ಕೊರೋನಾ ಕಾಲದಲ್ಲಿ ಅಂಗಳದಲ್ಲಿ ಒಬ್ಬನೇ ಕುರ್ಚಿ ಹಾಕಿಕೊಂಡಾಗಲೂ ಪೂರ್ತಿಯೇ. ಅರ್ಧ ಕುಡಿಯುವವರು ಎರಡೇ ಜಾತಿ, ಎಂದು ಅವನೇ ಹೇಳುತ್ತಿದ್ದ: ಕಾರು ಓಡಿಸಿಕೊಂಡು ಮನೆಗೆ ಹೋಗುವವರು, ಡಾಕ್ಟರ ಹತ್ತಿರ ಹೋಗಿಬಂದವರು. ಅವನು ಬಸ್ಸಿನಲ್ಲಿ ಬಂದಿದ್ದಾನೆ. ಹಾಗಾದರೆ ಉಳಿದದ್ದು ಡಾಕ್ಟರು. ಒಂದೊಂದಾಗಿ ಎಲ್ಲ ತಾವಾಗಿ ಬಂದು ಕೂತುಕೊಂಡವು. ಆ ಕೋಟು. ದಿಣ್ಣೆಯ ಏದುಸಿರು. ಪ್ಯಾಟಿಯ ಅರ್ಧ ನನಗೆ ಹಾಕಿದ್ದು. ಸುಮ್ಮಸುಮ್ಮನೆ ನಕ್ಕದ್ದು. ಅಮ್ಮ ಬರದೇ ಇದ್ದದ್ದು. ನಾನೇ ಹೇಳ್ತೀನಿ ಬಿಡು ಅವಳಿಗೆ, ಎಂದು ಅಪ್ಪ ಅಮ್ಮನಿಗೆ ಅಂದಿರಬೇಕು. ಲೋನಿನ ವಿಷಯ ಕೇಳಿದ್ದೂ ಅದಕ್ಕೇ, ತಾನಿಲ್ಲದಿದ್ದರೂ ಮಗಳ ಓದು ನಡೆಯುತ್ತದೆಯೇ ಎಂದು ತಿಳಿದುಕೊಳ್ಳಲು. ಮೂರು ವಾರದ ಕೆಳಗೆ ಅವಳು ಕ್ಯಾನ್ಸರ್ ಎಂಬ ಮಾತನ್ನು ಒಂದು ಸ್ಯಾಂಡ್‌ವಿಚ್ಚಿಗೆ, ಅಲ್ಲ, ಹ್ಯಾಮ್ ಹಾಕಿದ ಎರಡಕ್ಕೆ, ಮಾರಿದ್ದಳು. ನಿಮ್ಮ ಮನೆಯಲ್ಲಿ ಯಾರಿಗೆ ಎಂದು ಆ ಹುಡುಗರು ಕೇಳಿದ್ದರು. ದೇವರಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೆ ಇಲ್ಲದ ದೇವರೂ ಇಂಥದ್ದನ್ನು ಕೇಳಿಸಿಕೊಂಡು ಸುಮ್ಮನಿರುತ್ತಾನೆಯೇ? ಬಿಯರು ಸೋಪಿನ ನೀರಿನ ಹಾಗಿತ್ತು. ಅವಳು ಗಟಗಟನೆ ಕುಡಿದಳು, ಬೇಗ ತನ್ನ ಸರದಿ ಬರಲಿ ಎಂದು. ಅಪ್ಪನಿಗೆ ಒಂದು ಪೂರ್ತಿ ಪೈಂಟ್ ಕುಡಿಸಬೇಕು, ಇನ್ನೆಷ್ಟು ಸಲ ಕುಡಿಯುತ್ತಾನೋ.

“ಈ ಸುತ್ತು ನಂದು” ಎಂದು ಎದ್ದಳು. “ಇರ್ಲಿ ಬಿಡೇ, ಸಾಕು” ಎಂದ ಅಪ್ಪ. ಸಾಕು! ಅವಳಿಗೆ ಅಳು ಬಂತು.

ಕೌಂಟರಿನಲ್ಲಿ ಗಡ್ಡದ ಹುಡುಗ ಎರಡು ಪೈಂಟ್ ತುಂಬಿಸಿ ಇಟ್ಟ. ಅವಳು ನೋಟು ಚಾಚಿದಳು. ಅವನು ತಲೆಯಾಡಿಸಿ ಹಿಂದಿನ ಫಲಕ ತೋರಿಸಿದ. “ಕ್ಯಾಶ್ ತಗೊಳಲ್ಲಮ್ಮ ನಾವು. ಕಾರ್ಡ್ ಅಷ್ಟೆ.” ನೋಟು ನಡೆಯುತ್ತದೆಯೇ ಎಂದು ಊಟದ ಜಾಗಗಳ ಬಾಗಿಲನ್ನೆಲ್ಲ ಓದಿ ಬಂದ ಮಹಾಜಾಣೆ ಪಬ್ಬಿನದನ್ನು ಓದಿರಲಿಲ್ಲ. ರಾಜನ ತಲೆಯಿದ್ದ ನೋಟು ಅವಳ ಕೈಯಲ್ಲಿ ಬಸ್ಸಿನ ಹಳೆಯ ಟಿಕೆಟ್ಟಾಯಿತು. ಕಾರ್ಡು ಸತ್ತಿದೆಯೆಂದು ಗೊತ್ತಿದ್ದೂ ಯಂತ್ರಕ್ಕೆ ಮುಟ್ಟಿಸಿದಳು. ಅದು ಅಸಹ್ಯವಾಗಿ ಕೀಂಗುಟ್ಟಿತು. “ಇನ್ನೊಂದ್ಸಲ ಇಡಿ” ಎಂದ ಹುಡುಗ ದಯೆಯಿಂದ. ಆ ದಯೆಗೆ ಅವನ ಗಡ್ಡ ಕೀಳಬೇಕೆನಿಸಿತು. ಇನ್ನೊಂದು ಸಲವೂ ಕೀಂ. ಹಿಂದೆ ನಿಂತವರು ಬೇರೆಲ್ಲೋ ನೋಡುವ ಸೌಜನ್ಯ ತೋರಿಸಿದರು. ಪಕ್ಕದ ಎತ್ತರದ ಕುರ್ಚಿಯಲ್ಲಿ ತುಟಿಗೆ ಕಿತ್ತಳೆ ಬಣ್ಣ ಬಳಿದ ಒಬ್ಬ ಮುದುಕಿ, ಮಡಿಲಲ್ಲೊಂದು ನಾಯಿ ಇಟ್ಟುಕೊಂಡು, ಆ ಸೌಜನ್ಯವನ್ನೇನೂ ತೋರಿಸದೆ ನೇರ ನೋಡುತ್ತಿದ್ದಳು.

ಬೆಥನಿ ಅವಳ ಕಡೆಗೇ ತಿರುಗಿದಳು. “ಅಜ್ಜಿ, ಈ ನೋಟು ನೀವು ತಗೊಂಡು ನಿಮ್ಮ ಕಾರ್ಡ್ ಮುಟ್ಟಿಸ್ತೀರಾ? ನಮ್ಮಪ್ಪ ಅಲ್ಲಿ ಕೂತಿದಾರೆ.”

ಮುದುಕಿ ನೋಟನ್ನು ಬೆಳಕಿಗೆ ಹಿಡಿದು ನೋಡಿದಳು. “ನಿಮ್ಮಪ್ಪನಾ? ಯಾರೋ ಸತ್ತ ಹಾಗಿದೆಯಲ್ಲಾ ಮುಖ!”

“ಬೇಗ ಅಜ್ಜಿ.”

“ಚಿಲ್ಲರೆ ಇಲ್ಲಮ್ಮ ನನ್ನ ಹತ್ರ.”

“ಇಟ್ಕೊಳಿ, ಇಟ್ಕೊಳಿ.”

“ಛೇ ಛೇ, ಪರರ ದುಡ್ಡು ನಾನು ಮುಟ್ಟಲ್ಲ” ಎಂದ ಮುದುಕಿ ಹುಡುಗನ ಕಡೆ ತಿರುಗಿ, “ಹಾಗಾದ್ರೆ ನನಗೊಂದು ಜಿನ್ ಹಾಕಪ್ಪ, ದೊಡ್ಡದು. ಇವನಿಗೆ ಒಂದು ಚಿಪ್ಸ್, ಉಪ್ಪಿಲ್ಲದ್ದು” ಎಂದಳು. ಇವನು ಎಂದರೆ ನಾಯಿ. ಕಾರ್ಡು ಮುಟ್ಟಿಸಿದ ಕೂಡಲೇ ಯಂತ್ರ ಚಿಲಿಪಿಲಿ ಎಂದಿತು. ಇಪ್ಪತ್ತು ಪೌಂಡು, ಬೆಥನಿಯ ಮಿದುಳಿನ ಬೆಲೆ, ಜಿನ್ನಾಗಿ ಮುದುಕಿಯ ಗಂಟಲಿಗಿಳಿಯಿತು. ಅವಳು ಗ್ಲಾಸೆತ್ತಿ ದೂರದ ಅಪ್ಪನಿಗೂ ಒಂದು ಸಲಾಮು ಹೊಡೆದಳು.

“ಯಾರೇ ಆಯಮ್ಮ?” ಎಂದ ಅಪ್ಪ, ತನ್ನ ಮುಂದೆ ಬಂದಿಳಿದ ತುಂಬಿದ ಗ್ಲಾಸನ್ನು ನೋಡುತ್ತ.

“ಯಾರೋ ಪಾಪ. ಅವ್ರಿಗೂ ಒಂದು ಕೊಡಿಸ್ದೆ” ಎಂದಳು ಬೆಥನಿ. ಗೆದ್ದ ಅಮಲಿನಲ್ಲಿ ಬಾಯಿ ನಿಲ್ಲಲಿಲ್ಲ. “ನಾಯಿಗೂ ಕೊಡಿಸ್ದೆ.”

ಅಪ್ಪ ಪೂರ್ತಿ ಪೈಂಟನ್ನು ಕೈಯಲ್ಲಿ ಹಿಡಿದು, ಕುಡಿಯದೆ, ಅದರ ನೊರೆ ಇಳಿಯುವುದನ್ನು ನೋಡಿದ. ಅವನ ಕಿವಿಗಳು ಕೆಂಪಾಗುತ್ತಿದ್ದವು. ಹೇಳುತ್ತಾನೆ, ಈಗ ಹೇಳುತ್ತಾನೆ, ಎಂದು ಬೆಥನಿ ಮೇಜಿನಡಿ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲಿ ಎಂದು ಕೇಳಬೇಕು ಮೊದಲು. ಶ್ವಾಸಕೋಶವೋ, ಹೊಟ್ಟೆಯೋ. ಅಳಬಾರದು. ಅವನ ಎದುರು ಅಳಬಾರದು.

“ಬೆತ್, ಒಂದು ಮಾತು” ಎಂದ ಅಪ್ಪ. “ಅಮ್ಮನಿಗೆ ಹೇಳಬೇಡ.”

“ಇಲ್ಲಪ್ಪ.”

“ವ್ಯಾನು ವರ್ಷದ ಟೆಸ್ಟಲ್ಲಿ ಫೇಲಾಯ್ತು. ಅಡಿ ಎಲ್ಲ ತುಕ್ಕು. ರಿಪೇರಿ ಮಾಡಿಸದೆ ರಸ್ತೆಗಿಳಿಸೋ ಹಾಗಿಲ್ಲ ಅಂದ್ರು. ವ್ಯಾನಿಲ್ದೆ ಎರಡು ವಾರದಿಂದ ಕೆಲ್ಸಕ್ಕೆ ಹೋಗಿಲ್ಲ ನಾನು. ಬೆಳಗ್ಗೆ ಎದ್ದು ಡಬ್ಬಿ ಹಿಡ್ಕೊಂಡು ಹೋಗಿ ಹಾರ್ಬರ್ ಹತ್ರ ಕೂತು ಬರ್ತೀನಿ. ನಿಂದು ಹೆಂಗೂ ಮುಟ್ಟದೆ ಇದೆ ಅಂದ್ಯಲ್ಲ... ಒಂದು ನಾನೂರು ಪೌಂಡ್ ಇದ್ರೆ ಕೊಟ್ಟಿರ್ತೀಯಾ? ಬೇಸಿಗೆ ಹೊತ್ತಿಗೆ ವಾಪಸ್ ಮಾಡ್ತೀನಿ. ಬರೆದು ಬೇಕಾದ್ರೂ ಕೊಡ್ತೀನಿ.”

ಬೆಥನಿ ನಕ್ಕಳು. ತಡೆಯಲಾಗಲಿಲ್ಲ. ಕ್ಯಾನ್ಸರಲ್ಲ, ತುಕ್ಕು! ಅಪ್ಪನಿಗಲ್ಲ, ವ್ಯಾನಿಗೆ! ಹೊಟ್ಟೆಯ ಒಳಗಿನಿಂದ ಎದ್ದ ನಗು, ಕಣ್ಣೀರು ಬರುವಂಥ ನಗು, ಇಡೀ ಪಬ್ಬು ತಿರುಗಿ ನೋಡುವಂಥ ನಗು. ಮುದುಕಿಯೂ ಅಲ್ಲಿಂದಲೇ ಜೊತೆಗೆ ನಕ್ಕಳು. ಮೇಜು ಹಿಡಿದುಕೊಂಡು, ಉಸಿರು ಎಳೆದುಕೊಂಡು, ಅವಳು ತಲೆ ಎತ್ತಿದಾಗ ಅಪ್ಪನ ಮುಖ ಸಣ್ಣಗಾಗಿತ್ತು. ಅವನು ಅವಳನ್ನು ನೋಡುತ್ತಿರಲಿಲ್ಲ. ಗ್ಲಾಸಿನ ಅಡಿಯಲ್ಲಿದ್ದ ರಟ್ಟಿನ ಬಿಲ್ಲೆಯನ್ನು ಸರಿಯಾಗಿ ಮೇಜಿನ ಅಂಚಿಗೆ ಜೋಡಿಸಿ ಇಡುತ್ತಿದ್ದ, ಕಿಟಕಿಯ ಚೌಕಟ್ಟನ್ನು ಕೂರಿಸುವಾಗಿನ ಅದೇ ಕಾಳಜಿಯಿಂದ.

“ಅಯ್ಯೋ, ಅದಕ್ಕಲ್ಲಪ್ಪ ನಕ್ಕಿದ್ದು...”

“ಪರವಾಗಿಲ್ಲ ಬಿಡು. ಕೇಳಬಾರದಿತ್ತು.”

“ನಿನಗೆ ಕ್ಯಾನ್ಸರ್ ಅಂದ್ಕೊಂಡೆ ನಾನು! ಅರ್ಧ ತಗೊಂಡೆಯಲ್ಲ!”

“ಕಾರ್ಡಲ್ಲಿ ಅಷ್ಟೇ ಇತ್ತು ಕಣೇ” ಎಂದ ಅಪ್ಪ.

ಆಗ ಅವಳು ಹೇಳಿದಳು. ಫೋನು ತೆಗೆದು ಕೆಂಪು ಅಂಕೆಯನ್ನು ಅವನ ಮುಂದಿಟ್ಟಳು. ಅಪ್ಪ ಕೋಟಿನ ಒಳಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಫೋನನ್ನು ದೂರ ಹಿಡಿದು ನೋಡಿ, “ಮುಂದಿರೋ ಗೆರೆ ಏನು, ಮೈನಸ್ಸಾ?” ಎಂದ. ಹೌದು ಎಂದಳು. ಮುಟ್ಟದೆ ಇಟ್ಟ ಕಂತು ಬಾಡಿಗೆಗೆ ಹೋಗಿದೆ ಎಂದಳು. ಓವರ್‌ಡ್ರಾಫ್ಟು ಮುಗಿದಿದೆ, ಮುಗಿದ ಮೇಲೂ ಹೋಗಿದೆ, ಕಾರ್ಡು ಕೆಲಸ ಮಾಡುತ್ತಿಲ್ಲ, ಆ ಮುದುಕಿ ಯಾರೋ, ಆ ನೋಟು ಮಿದುಳಿನದು ಎಂದಳು. ಅವನು ಕನ್ನಡಕ ಮಡಿಸಿದ. ಬೈಯುತ್ತಾನೆ ಎಂದು ಅವಳು ಕಾದಳು. ಬೈದರೆ ಮುಗಿಯುತ್ತಿತ್ತು. ಅವನು ಗ್ಲಾಸೆತ್ತಿ, ಔಷಧಿ ಕುಡಿಯುವವನ ಹಾಗೆ, ಪೂರ್ತಿ ಪೈಂಟನ್ನು ನಿಲ್ಲಿಸದೆ ಕುಡಿದು ಕೆಳಗಿಟ್ಟ. “ಥ್ಯಾಂಕ್ಸ್, ಬೆಥನಿ” ಎಂದ. “ಚೆನ್ನಾಗಿತ್ತು.”

ಬೆಥನಿ ಎಂದು ಪೂರ್ತಿ ಹೆಸರು ಹಿಡಿದು ಅವನು ಕರೆದದ್ದೇ ಇಲ್ಲ. ಥ್ಯಾಂಕ್ಸ್ ಅಂತೂ ಗಿರಾಕಿಗಳಿಗೆ ಹೇಳುವ ಮಾತು. ಬಸ್‌ಸ್ಟಾಂಡಿನವರೆಗೆ ದಿಣ್ಣೆ ಇಳಿಯುವಾಗ ಅವನು ಅವಳಿಗೆ ಫುಟ್‌ಪಾತಿನ ಒಳಬದಿ ಬಿಟ್ಟುಕೊಟ್ಟ, ರಸ್ತೆ ದಾಟುವಾಗ ನೀನು ಮೊದಲು ಎಂದ, ಓದು ಹೇಗಿದೆ, ಮೇಷ್ಟ್ರುಗಳು ಒಳ್ಳೆಯವರಾ ಎಂದು ವಿಚಾರಿಸಿದ. ಅವಳು ಉತ್ತರ ಹೇಳಿದಳು. ಯಾರದೋ ಮನೆಗೆ ಕಿಟಕಿಯ ಅಳತೆ ತೆಗೆಯಲು ಹೋದಾಗ ಅವನು ಹೀಗೇ ಮಾತಾಡುತ್ತಿದ್ದ. ಚಿಕ್ಕವಳಿದ್ದಾಗ ಅವನ ಜೊತೆ ಹೋಗಿ ಕೇಳಿದ್ದಳು. ಈಗ ಆ ಮನೆಯವಳು ತಾನು. ಬೆಳಗ್ಗಿನಿಂದ ಅವನು ಬಾಯಿ ಬಿಡಲಾರದೆ ಒದ್ದಾಡಿದಾಗ ತಾನು ಒಂದೊಂದೇ ಸುಳ್ಳನ್ನು ಮೆಟ್ಟಿಲು ಮಾಡಿ ಕೊಟ್ಟೆ, ಹತ್ತು ಹತ್ತು ಎಂದೆ, ಕೇಳು ಎಂದೆ, ಕೇಳಿದ ಕೂಡಲೇ ಊರಿಗೆಲ್ಲ ಕೇಳುವಂತೆ ನಕ್ಕೆ. ದುಡ್ಡು ಹಾಳಾಗಿ ಹೋಗಲಿ, ಅದು ಕೆಂಪೋ ಕಪ್ಪೋ ಏನಾದರೂ ಆಗಲಿ. ಅಪ್ಪ ಇನ್ನು ಯಾವತ್ತೂ ತನ್ನ ಎದುರು ಕೆಟ್ಟ ಮಾತಾಡುವುದಿಲ್ಲವೇನೋ, ಹೀಗೇ ಥ್ಯಾಂಕ್ಸ್ ಹೇಳಿಕೊಂಡೇ ಇದ್ದುಬಿಡುತ್ತಾನೇನೋ ಎಂದು ಅವಳಿಗೆ ಭಯವಾಯಿತು. ಇಂಥ ಭಯ ಪಬ್ಬಿನಲ್ಲೂ ಆಗಿರಲಿಲ್ಲ.

ಅವನು ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತ. ಡ್ರೈವರು ಎಂಜಿನ್ ಶುರು ಮಾಡಿದ. ಬೆಥನಿ ಮೆಟ್ಟಿಲು ಹತ್ತಿದಳು.

“ಟಿಕೆಟ್?” ಎಂದ ಡ್ರೈವರು.

“ಇಲ್ಲ. ದುಡ್ಡೂ ಇಲ್ಲ” ಎಂದು ಅವಳು ಅವನನ್ನು ದಾಟಿ, ಜನರ ಚೀಲಗಳನ್ನು ತುಳಿದುಕೊಂಡು, ಹಿಂದಿನವರೆಗೆ ಹೋದಳು. “ಅಪ್ಪಾ, ಬೈಯಿ.”

“ಏನು?”

“ಬೈಯಿ ನನ್ನ. ಬೈಯದೆ ಹೋಗ್ಬೇಡ.”

“ಕೆಳಗಿಳಿ ಬೆಥನಿ, ಜನ ನೋಡ್ತಿದಾರೆ.”

“ನೋಡ್ಲಿ! ಬೈಯಪ್ಪ, ನಿನ್ನ ಕೈ ಮುಗೀತೀನಿ!”

ಅಪ್ಪ ಎದ್ದು ನಿಂತ. ತಲೆ ಸಾಮಾನಿನ ಅಟ್ಟಕ್ಕೆ ಬಡಿಯಿತು, ಬಹುಶಃ ಅದೇ ಸಹಾಯಕ್ಕೆ ಬಂತು. “ಅಯ್ಯೋ ನಿನ್ನ ಮನೆ ಹಾಳಾಗ! ಕತ್ತೆ! ಕತ್ತೆ ಕಣೇ ನೀನು! ನಾಯಿಗೆ ಚಿಪ್ಸ್ ಕೊಡಿಸ್ತಾಳಂತೆ! ತಿನ್ನೋಕಿಲ್ದೆ ಸಾಯ್ತಿದ್ರೂ ಬಾಯಿ ಬಿಡಲ್ಲ, ಯಾರ ಕೊಬ್ಬೇ ಇದು? ನಿಮ್ಮಮ್ಮಂದಲ್ಲ, ನಂದೇ ಇರ್ಬೇಕು! ಸೋಮವಾರ ಆ ಬ್ಯಾಂಕಿಗೆ ಹೋಗಿ ಎದುರು ಕೂತು, ಇಲ್ಲಾ ಸ್ವಾಮಿ ನನ್ನ ಹತ್ರ ಅಂತ ಹೇಳು! ಏನಾಗುತ್ತೆ? ನಾನು ಕೇಳ್ಲಿಲ್ವಾ ನಿನ್ನ? ಹೊಟ್ಟೇಲಿ ಹುಟ್ಟಿದ ಮಗಳ ಹತ್ರ ಕೈಚಾಚ್ಲಿಲ್ವಾ? ಸತ್ತೋದ್ನಾ?” ಅವನ ದನಿ ಒಡೆಯಿತು. ಮುಂದಿನ ಸೀಟಿನ ಹೆಂಗಸೊಬ್ಬಳು ಕಿವಿಯಿಂದ ಹಾಡಿನ ತಂತಿ ತೆಗೆದು ಕೂತಳು. ಬೆಥನಿ ಅಳುತ್ತ ನಗುತ್ತ ಅವನ ಕೋಟಿನ ತೋಳು ಹಿಡಿದು ನಿಂತಿದ್ದಳು, ಎಷ್ಟು ದಿನಗಳಾಗಿದ್ದವೋ ಇಷ್ಟು ಹಗುರಾಗಿ.

ಡ್ರೈವರು ಕನ್ನಡಿಯಲ್ಲಿ ನೋಡಿ ಕೂಗಿದ. “ಯಜಮಾನ್ರೇ, ಮುಗೀತಾ? ಹೊರಡೋಣ್ವಾ?”

“ಇರಪ್ಪಾ” ಎಂದ ಅಪ್ಪ, ಅವಳ ಕೈಯನ್ನು ಬಿಡದೆ. “ಇನ್ನೂ ಇದೆ.”